ರೇಷ್ಮೆಗೂಡಿನಲ್ಲಿ ಬಂದ ಮೆಮೊರಿ ಕಾರ್ಡು

ಅವ್ವ ತವರನ್ನು ಮರೆತೇಬಿಟ್ಟಿದ್ದಳು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೊಗಳಿಕೆಯಾಗಿ ಹೇಳುತ್ತಾರೆ, ಅದೇ ವಿಚಿತ್ರ. ಮಡಕಶಿರಾ ಕಡೆಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು ವರ್ಷ ತುಂಬುವುದರೊಳಗೆ ‘ಬರ್ರಿ, ಕುಂದರ್ರಿ’ ಅನ್ನುವುದನ್ನು ಕಲಿತಳಂತೆ, ಜೀನ್ಸ್ ಹೊಲಿಯುವುದನ್ನು ಕಲಿತಳಂತೆ, ಒಂದು ದಿನವೂ ತವರಿನ ಹೆಸರೆತ್ತಿ ಅಳಲಿಲ್ಲವಂತೆ. ಅವ್ವ ತೀರಿಕೊಂಡಾಗ ಬಂದುಹೋದವರ ಬಾಯಲ್ಲೆಲ್ಲ ಇದೇ ಮಾತು. ಅಪ್ಪ ತಲೆಯಾಡಿಸುತ್ತ ಕೂತಿದ್ದ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಎಲ್ಲರೂ ಒಂದೇ ಮಾತನ್ನು ಒಂದೇ ಧಾಟಿಯಲ್ಲಿ ಹೇಳಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಅಳಲಿಲ್ಲ ಎಂಬುದು ಮರೆತಳು ಎಂಬುದಕ್ಕೆ ಹೇಗೆ ಸಾಕ್ಷಿಯಾದೀತು? ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಕಟಿಂಗ್ ಮೇಜು, ಅದರ ಪಕ್ಕ ಅವ್ವನ ಮಷೀನು, ನಡುವೆ ಬಂಡಲ್ ಕಟ್ಟಿದ ಪ್ಯಾಂಟುಗಳು, ಬಾಗಿಲಲ್ಲಿ ಸದಾ ಒಬ್ಬ ವ್ಯಾಪಾರಿ. ತವರಿನಿಂದ ಫೋನು ಬಂದರೆ ಸ್ಪೀಕರ್ ಹಾಕಬೇಕು, ಮನೆಯವರೆಲ್ಲ ‘ಹೆಂಗದೀರಿ, ಆರಾಮೇನ್ರಿ’ ಅನ್ನಬೇಕು. ಆ ಮನೆಯಲ್ಲಿ ಅಳುವುದಕ್ಕೆ ಜಾಗವಾದರೂ ಎಲ್ಲಿತ್ತು?

ನನ್ನ ಹತ್ತಿರ ಒಂದು ಸಾಕ್ಷಿ ಇತ್ತು, ದುರ್ಬಲವಾದದ್ದು. ಮಷೀನು ಓಡುವಾಗ ಅವ್ವನ ತುಟಿ ಅಲ್ಲಾಡುತ್ತಿತ್ತು. ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. “ಪೀಸ್ ಎಣಸ್ತಾಳ” ಅನ್ನುತ್ತಿದ್ದ ಅಪ್ಪ. ಅವಳ ಕೀಪ್ಯಾಡ್ ಫೋನು ದಾರದ ಉಂಡೆಗೆ ಒರಗಿ ನಿಂತಿರುತ್ತಿತ್ತು. ಪೀಸ್ ಎಣಿಸುವವಳು ನಡುನಡುವೆ ಯಾಕೆ ನಗುತ್ತಾಳೆ ಎಂದು ಯಾರೂ ಕೇಳಲಿಲ್ಲ. ನಾನು ಚಿಕ್ಕವಳು, ನನಗೂ ಹೊಳೆಯಲಿಲ್ಲ.

ಹೋದ ವರ್ಷ ಆ ಮಷೀನು ಕೆಟ್ಟು ನಿಂತಾಗ ಅದರ ಡ್ರಾ ಖಾಲಿ ಮಾಡಿದೆ. ಬಾಬಿನ್ನುಗಳು, ಸವೆದ ಚಾಕ್‌ಪೀಸು, ಅವುಗಳ ಹಿಂದೆ ಒಂದು ರೇಷ್ಮೆಗೂಡು. ಒಂದು ತುದಿ ಕತ್ತರಿಸಿ ಹತ್ತಿ ತುರುಕಿತ್ತು.

“ನಿಮ್ಮ ಚಿಕ್ಕಮ್ಮ ಕಳಿಸಿರಬೇಕು. ಅವರೂರಾಗ ಹುಳ ಸಾಕ್ತಾರಲ್ಲ,” ಅಂದ ಅಪ್ಪ, ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ.

ಅಲ್ಲಾಡಿಸಿದೆ. ಒಳಗೆ ಏನೋ ಸದ್ದಾಯಿತು. ಹತ್ತಿ ಎಳೆದರೆ ಉಗುರಿನಷ್ಟಗಲದ ಮೆಮೊರಿ ಕಾರ್ಡು.

ಕಾರ್ಡಿನಲ್ಲಿ ಹಳೇ ಫೋನಿನ ರೆಕಾರ್ಡಿಂಗ್ ಫೈಲುಗಳಿದ್ದವು. ನನ್ನ ಲ್ಯಾಪ್‌ಟಾಪು ಅವನ್ನು ತೆರೆಯಲಿಲ್ಲ, ಮೊಬೈಲೂ ಒಲ್ಲೆನೆಂದಿತು. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯವನಿಗೆ ತೋರಿಸಿದೆ.

“ಫೈಲ್ ಹೋಗ್ಯಾವ್ರಿ ಮೇಡಂ. ಫಾರ್ಮ್ಯಾಟ್ ಹೊಡೀಲೇನ್ರಿ? ಹಾಡು ತುಂಬಿಸಿ ಕೊಡ್ತೀನಿ.”

“ಹೋಗಿದ್ರ ಸೈಜ್ ಯಾಕ ತೋರಸ್ತೈತ್ರಿ?”

“ಅದು ಹಂಗ ತೋರಸ್ತೈತ್ರಿ.”

‘ಅದು ಹಂಗ’ ಎಂಬುದು ಉತ್ತರವಲ್ಲ. ಕಾರ್ಡು ಕಿತ್ತುಕೊಂಡು ಬಂದೆ.

ಹುಡುಕುತ್ತ ಹೋದಾಗ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಪುಟ್ಟ ಎಕ್ಸ್‌ಟೆನ್ಶನ್ ಸಿಕ್ಕಿತು. ಆಡಿಯೊ ಇರಲಿ, ವಿಡಿಯೊ ಇರಲಿ, ಎಂಥ ಹಳೇ ನಮೂನೆಯ ಫೈಲನ್ನಾದರೂ ಟ್ಯಾಬಿನಲ್ಲೇ ನುಡಿಸುತ್ತೇನೆ ಎಂದು ಅದು ಹೇಳಿಕೊಂಡಿತ್ತು. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಆದರೂ ಅದು ಕೇಳಿದ ಅನುಮತಿಗಳಿಗೆಲ್ಲ ಓದದೆಯೇ ಹ್ಞೂಂ ಅಂದೆ. ಬ್ರೌಸರಿನ ಮೂಲೆಯಲ್ಲಿ ಒಂದು ಚಿಕ್ಕ ಗುರುತು ಬಂತು. ಒತ್ತಿದರೆ ಕಪ್ಪು ಚೌಕ. ಮೊದಲ ಫೈಲನ್ನು ಎಳೆದು ಅದರೊಳಗೆ ಬಿಟ್ಟೆ.

ಮೊದಲು ಮಳೆ ಬಿದ್ದ ಹಾಗೆ ಸದ್ದು. ಆಮೇಲೆ ಒಂದು ದನಿ: “ಅಕ್ಕಾ, ಕೇಳ್ತೈತಾ?”

ಅಪ್ಪನ ಕತ್ತರಿ ನಿಂತಿತು. “ನಿಮ್ಮವ್ವನ...” ಅಂದವನು ತಡೆದ. “ಅಲ್ಲ. ಅಕಿ ತಂಗೀದು.”

“ನಿನ್ ಪ್ಯಾಂಟು ಸಿಕ್ತು ಕಣಕ್ಕ. ಸಣ್ ಕಿಸೆ ಬಾಯ್ನ ಇಂಗಾ ಹೊಲಿಯಾದು? ಕಾರ್ಡ್ ತೆಗ್ಯಾಕೆ ಬ್ಲೇಡ್ ತಗಂಡು ಕೂತಿದ್ದೆ. ಹೊಸಾ ಪ್ಯಾಂಟ್ ಹರೀತಾಳೆ, ಇವ್ಳಿಗೆ ತಲೆ ಕೆಟ್ಟೈತೆ ಅಂತ ನಮ್ಮೆಜಮಾನ್ರು ಊರೆಲ್ಲಾ ಸಾರ್ಕಂಡು ಬಂದ್ರು.”

ಆಗ ಅರ್ಥವಾಯಿತು. ಅವ್ವ ಮಷೀನಿನ ಸದ್ದಿನ ಮರೆಯಲ್ಲಿ ಫೋನಿಗೆ ಮಾತಾಡುತ್ತಿದ್ದಳು. ಕಾರ್ಡು ತೆಗೆದು, ಪ್ಯಾಂಟಿನ ಚಿಲ್ಲರೆ ಕಿಸೆಯಲ್ಲಿಟ್ಟು ಬಾಯಿ ಹೊಲಿದುಬಿಡುತ್ತಿದ್ದಳು. ನಮ್ಮ ಪ್ಯಾಂಟುಗಳನ್ನು ಮಡಕಶಿರಾ ಸಂತೆಗೆ ಒಯ್ಯುವ ವ್ಯಾಪಾರಿಯ ಕೈಯಲ್ಲಿ ಅದು ‘ತಂಗಿ ಮನೆಗೊಂದು ಪ್ಯಾಂಟು’ ಆಗಿ ಹೋಗುತ್ತಿತ್ತು. ಚಿಕ್ಕಮ್ಮ ಅದೇ ಕಾರ್ಡಿಗೆ ತನ್ನ ಮಾತು ತುಂಬಿ, ಹುಳ ಸಾಕುವವರ ಮನೆಯಲ್ಲಿ ಸುಲಭವಾಗಿ ಸಿಗುವ ಗೂಡಿನೊಳಗಿಟ್ಟು ಅವನ ಕೈಯಲ್ಲೇ ವಾಪಸು ಕಳಿಸುತ್ತಿದ್ದಳು.

“ಮರ್ತಿದ್ಲು ಅಂದ್ಯಲ್ಲಪ್ಪ?”

“ನಂಗೇನ್ ಗೊತ್ತವ್ವಾ,” ಅಂದ ಅಪ್ಪ. “ಮಷೀನ್ ಸದ್ದಿನ್ಯಾಗ.”

ವಾದದಲ್ಲಿ ಗೆದ್ದಿದ್ದೆ. ಆದರೆ ಫೈಲಿನಿಂದ ಫೈಲಿಗೆ ಹೋಗುತ್ತ ಬೇರೆ ಭಯ ಹಿಡಿಯಿತು. ಎಲ್ಲದರಲ್ಲೂ ಚಿಕ್ಕಮ್ಮನದೇ ದನಿ. “ಇಲ್ಲ ಕಣಕ್ಕ, ಹುಣಸೆಮರ ಕಡ್ದಿಲ್ಲ, ಯಾರಂದ್ರು ನಿಂಗೆ?” “ಆ ಸೀರೆ ನಾನ್ಯಾಕೆ ಉಡ್ಲಿ, ನಿಂದೇ ಅಲ್ವಾ, ಪೆಟ್ಟಿಗೇಲೈತೆ.” “ಅಯ್ಯೋ ನಗಿಸ್ಬೇಡ, ಹುಳದ ಮನೇಲಿ ಜೋರಾಗಿ ನಗ್ಬಾರ್ದು ಅಂತಾರೆ.” ಎಲ್ಲವೂ ಉತ್ತರಗಳೇ. ಪ್ರಶ್ನೆಗಳು ಎಲ್ಲಿಯೂ ಇರಲಿಲ್ಲ.

ಎದುರಾಳಿಯ ಖಂಡನೆಯನ್ನಷ್ಟೇ ಕೇಳಿ, ಮಂಡನೆ ಏನಿದ್ದಿರಬಹುದೆಂದು ಊಹಿಸುವುದು ನನಗೆ ರೂಢಿಯಾದ ಕೆಲಸ. ಅದನ್ನೇ ಮಾಡಿದೆ. ಎಕ್ಸ್‌ಟೆನ್ಶನ್ನಿನಲ್ಲಿ ದನಿಯನ್ನು ಮಾಮೂಲಿಗಿಂತ ದೊಡ್ಡದು ಮಾಡಬಹುದಿತ್ತು, ನಿಧಾನ ಮಾಡಬಹುದಿತ್ತು, ಬೇಕಾದ ತುಣುಕನ್ನಷ್ಟೇ ಮತ್ತೆ ಮತ್ತೆ ಓಡಿಸಬಹುದಿತ್ತು. ಚಿಕ್ಕಮ್ಮ ಒಂದು ಮಾತಾಡಿ ಸ್ವಲ್ಪ ಸುಮ್ಮನಿರುತ್ತಿದ್ದಳು, ಅಕ್ಕ ಎದುರಿಗೇ ಇದ್ದಾಳೆ, ಈಗ ಏನಾದರೂ ಅಂದಾಳು ಎಂಬಂತೆ. ನಾನು ಆ ಬಿಡುವುಗಳನ್ನು ಆರಿಸಿ ಓಡಿಸಿದೆ. ಅವುಗಳಲ್ಲಿ ಅವ್ವನನ್ನು ಕೂರಿಸಿದೆ. ಅವ್ವ ತವರಿನ ‘ಐತೆ’ ಅನ್ನುತ್ತಿದ್ದಳೇ, ನಮ್ಮ ‘ಐತಿ’ ಅನ್ನುತ್ತಿದ್ದಳೇ? ತಂಗಿಯ ಜೊತೆ ನಗುವಾಗ ಅವಳ ನಗು ಹೇಗಿರುತ್ತಿತ್ತು? ನನಗೆ ಗೊತ್ತಿರುವುದು ಸದ್ದಿಲ್ಲದೆ ಅಲ್ಲಾಡುವ ಒಂದು ಬಾಯಿ ಮಾತ್ರ. ದನಿಯನ್ನು ಎಷ್ಟು ಏರಿಸಿದರೂ ಆ ಬಾಯಿಂದ ಏನೂ ಬರಲಿಲ್ಲ.

ಕೊನೆಯ ಫೈಲನ್ನು ಅಪ್ಪ ಹೊರಗೆ ಹೋದಾಗ ಕೇಳಿದೆ. ಅದನ್ನು ಅವನಿಗೆ ಕೇಳಿಸಿಲ್ಲ.

ಅದರಲ್ಲಿ ನಗುವಿಲ್ಲ. “ಅಕ್ಕಾ, ನೀನಂದಿದ್ದೆಲ್ಲಾ ಕೇಳ್ದೆ. ಬಂದ್ಬಿಡು. ಇಲ್ಲಿ ನಿನ್ನ ಬೇಡ ಅನ್ನೋರು ಯಾರವ್ರೆ?” ಆಮೇಲೆ ಬಹಳ ಹೊತ್ತು ಆ ಮಳೆಯ ಸದ್ದು ಮಾತ್ರ. “ಆದ್ರೆ ಮಗೀನ ಇಚಾರ ಏನೋ ಅಂದ್ಯಲ್ಲ, ಅದೊಂದು ಇನ್ನೊಂದ್ಸಲ ಯೋಚ್ನೆ ಮಾಡಕ್ಕ.”

ಅವ್ವನಿಗೆ ಇದ್ದ ಮಗು ನಾನೊಬ್ಬಳೇ. ನನ್ನನ್ನು ಬಿಟ್ಟು ಬರುತ್ತೇನೆ ಅಂದಿದ್ದಳೋ ಏನೋ.

ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು, ಬಸ್ಸು ಬದಲಿಸಿ ಬದಲಿಸಿ, ಮಡಕಶಿರಾ ಕಡೆಯ ರೊಳ್ಳದ ಹತ್ತಿರ ಇರುವ ಚಿಕ್ಕಮ್ಮನ ಊರಿಗೆ ಹೋದೆ. ಅವಳು ಹುಳದ ಮನೆಯಲ್ಲಿದ್ದಳು. ಹುಳಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ಮುಂಚಿನ ನಿದ್ದೆ, ಮುಗಿಸಿ ಎದ್ದಿದ್ದವು. ಪೊರೆ ಬಿಟ್ಟ ಮೇಲಿನ ಹಸಿವಿನಲ್ಲಿ ಸೊಪ್ಪು ಹಾಕಿದಷ್ಟೂ ಸಾಲದು. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಅದೇ ಮಳೆ. ರೆಕಾರ್ಡಿಂಗಿನಲ್ಲಿ ನಾನು ಕೇಳಿದ್ದು ಹುಳ ಸೊಪ್ಪು ಮೇಯುವ ಸದ್ದು.

“ಬಾ ಮಗ, ಚಪ್ಲಿ ಆಚೆ ಬಿಟ್ಬಾ. ಎಷ್ಟು ಸೊರಗಿದ್ದೀಯ! ಅಲ್ಲಿ ಬರೀ ವಾದ ತಿಂತೀಯೋ, ಮುದ್ದೆ ಗಿದ್ದೆ ಏನಾದ್ರೂ ತಿಂತೀಯೋ?”

ಮೊದಲ ಫೈಲು ಹಾಕಿದೆ. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ಕೇಳಿದಳು. “ಅಯ್ಯೋ, ಇದು ನಾನಾ? ಕೋಳಿ ಕೂಗ್ದಂಗೈತೆ!” ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

“ಅವ್ವನ ಮಾತು ಎಲ್ಲಿ ಚಿಕ್ಕಮ್ಮ? ನೀನು ತೆಗೆದಿಟ್ಟಿರಬೇಕಲ್ಲ, ಬೇರೆ ಕಾರ್ಡಿನಲ್ಲಿ, ಫೋನಿನಲ್ಲಿ?”

“ಇದ್ದಿದ್ದೊಂದೇ ಕಾರ್ಡು ಕಣಮ್ಮ. ಅದ್ರಲ್ಲಿ ಅರ್ಧ ಹಾಡೇ ತುಂಬ್ಕಂಡಿದ್ವು. ಅಕ್ಕಂದು ಕೇಳಾದು, ಅಳ್ಸಾದು, ನಂದು ತುಂಬಾದು. ಇನ್ನೇನ್ಮಾಡ್ಲಿ? ಅಕ್ಕ ಇದ್ಲಲ್ಲ. ಇನ್ನೊಂದು ಕಳಿಸ್ತಾಳೆ ಅಂತ.”

ಹಾಡುಗಳನ್ನು ಯಾಕೆ ಅಳಿಸಲಿಲ್ಲ ಎಂದು ಕೇಳಬಹುದಿತ್ತು. ಅದರ ಬದಲು ಕೊನೆಯ ಫೈಲು ಹಾಕಿದೆ.

ಈ ಸಲ ಅವಳು ಬಗ್ಗಲಿಲ್ಲ. ಮುಗಿಯುವವರೆಗೆ ನಿಂತು ಕೇಳಿ, ಬುಟ್ಟಿ ಎತ್ತಿಕೊಂಡು ತಟ್ಟೆಯಿಂದ ತಟ್ಟೆಗೆ ಸೊಪ್ಪು ಉದುರಿಸುತ್ತ ಹೋದಳು.

“ಆಮೇಲೆ ಕಾರ್ಡು ಬರ್ಲೇ ಇಲ್ಲ,” ಅಂದಳು. “ಮದ್ವೆ ಗಿದ್ವೇಲಿ ಸಿಕ್ತಿದ್ಲು. ಸುತ್ತ ಜನ ಇರೋರು.”

“ಅವ್ವ ಯಾಕೆ ಬರಲಿಲ್ಲ?”

“ನೀನು ಉಣ್ಣೇಳು. ಬೆಳಗ್ಗೆನೇ ಹೊಲ್ಟು ಬಂದಿದ್ದೀಯ.”

ನಾನು ಏಳಲಿಲ್ಲ. ಲ್ಯಾಪ್‌ಟಾಪಿನ ಕಪ್ಪು ಚೌಕ ತೆರೆದೇ ಇತ್ತು. ಅವ್ವನ ಮಾತನ್ನು ಕೇಳಿದ ಕಿವಿ ಈ ಲೋಕದಲ್ಲಿ ಇದೊಂದೇ, ಅದು ನನಗೆ ಬೆನ್ನು ಮಾಡಿ ನಿಂತಿದೆ. ಹುಳಗಳ ಸದ್ದಿನ ಮೇಲೆ ಕೇಳಿಸಲಿ ಎಂದು ದನಿ ಎತ್ತಿಯೇ ಕೇಳಿದೆ:

“ಚಿಕ್ಕಮ್ಮ, ಆ ಸಲ ನನ್ನ ವಿಚಾರ ಅವ್ವ ಏನಂದಿದ್ದಳು?”