ನಂಬರು ಬೀಳದ ಬಾಗಿಲು

ಬೈರಗುಂಟೆಗೆ ಬಂದು ವೆಂಕಟರತ್ನಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಕೊಂಡಪ್ಪನ ಮನೆ ಎಂದರೆ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವವರೂ ಕೈ ತೋರಿಸುತ್ತಾರೆ. ಕೊಂಡಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಗೆ ಇನ್ನೂ ಅವನದೇ ಹೆಸರು.

ಗರಡಿ ಬೀದಿಯೂ ಬಾವಿ ಬೀದಿಯೂ ಕೂಡುವ ಮೂಲೆಯಲ್ಲಿ ಆ ಮನೆ ಇದೆ. ಒಂದು ಬಾಗಿಲು ಗರಡಿ ಬೀದಿಗೆ, ಇನ್ನೊಂದು ಬಾವಿ ಬೀದಿಗೆ. ಬಾವಿ ಬೀದಿಯ ಬಾಗಿಲಲ್ಲಿ ಕೊಂಡಪ್ಪ ಮೂವತ್ತು ವರ್ಷ ಸೈಕಲ್ ಅಂಗಡಿ ಇಟ್ಟಿದ್ದ. ಪಂಕ್ಚರ್ ಹಾಕುತ್ತಾ ಎರಡು ಬೀದಿಯ ಕಷ್ಟಸುಖವನ್ನೂ ಕೇಳುತ್ತಿದ್ದ, ಎರಡು ಬೀದಿಯ ಪೂಜೆಗೂ ಮುಂದಾಗಿ ನಿಲ್ಲುತ್ತಿದ್ದ. ಹೋಳೂರಿನ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ಸೊಸೆಯಾಗಿ ಬಂದ ವೆಂಕಟರತ್ನಮ್ಮ ಮೊದಲಿನಿಂದಲೂ ಮಾತು ಕಡಿಮೆಯವಳು. ಹೊರಗಿನವರೊಂದಿಗೆ ಆಡಬೇಕಾದ ಮಾತನ್ನೆಲ್ಲ ಗಂಡನೇ ಆಡಿಬಿಡುತ್ತಿದ್ದ. ಮಕ್ಕಳಾಗಲಿಲ್ಲ. ಅವನು ಹೋದ ಮೇಲೆ ಅಂಗಡಿಯ ಬಾಗಿಲಿಗೆ ಚಿಲಕ ಹಾಕಿದಳು. ಮುಳಬಾಗಿಲಿನ ಬಟ್ಟೆ ಅಂಗಡಿಯೊಂದರಿಂದ ಸೀರೆಗಳನ್ನು ತಂದು ಸೆರಗಿಗೆ ಕುಚ್ಚು ಕಟ್ಟಿ ಕೊಡುವ ಕೆಲಸ ಹಿಡಿದಳು. ಶನಿವಾರದ ಬಸ್ಸಿಗೆ ಹೋಗಿ ಕೊಟ್ಟು, ಹೊಸ ಗಂಟು ತರುತ್ತಾಳೆ. ಉಳಿದ ಆರು ದಿನ ಕುಚ್ಚಿನ ದಾರ, ಸೂಜಿ, ದೇವರ ಮುಂದಿನ ದೀಪ. ಕೆಲವು ದಿನ ಸಂಜೆ ದೇವರಿಗೆ ಕೈ ಮುಗಿಯುವಾಗಲೇ ತಾನು ಬೆಳಗಿನಿಂದ ಒಂದು ಮಾತನ್ನೂ ಆಡಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ಬೈರಗುಂಟೆ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಯಿತು. ಮೊದಲ ಚುನಾವಣೆಗೆ ಮುಂಚೆ ಊರನ್ನು ವಾರ್ಡುಗಳಾಗಿ ಹಂಚಬೇಕಿತ್ತು. ಇಂಥ ಊರುಗಳಲ್ಲಿ ಗಡಿಯನ್ನು ಗೆರೆ ಎಳೆದು ತೋರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಯಾವ ಗುಡಿ, ಯಾವ ಮೋರಿ, ಯಾರ ಮನೆ ಎಂದು ಬರೆದರೇ ತಿಳಿಯುವುದು. ಹಾಗೆ ನಾಲ್ಕು ದಿಕ್ಕಿನ ಗುರುತು ಬರೆಯುವುದಕ್ಕೆ ಚೆಕ್ಕುಬಂದಿ ಎನ್ನುತ್ತಾರೆ. ಗರಡಿ ಬೀದಿ ಸೇರಿದ ಒಂಬತ್ತನೇ ವಾರ್ಡಿನ ಒಂದು ಕಡೆಯ ಗುರುತು ಕೊಂಡಪ್ಪನವರ ಮನೆ ಎಂದು ಬರೆದರು. ಬಾವಿ ಬೀದಿ ಸೇರಿದ ಹತ್ತನೇ ವಾರ್ಡಿನ ಒಂದು ಕಡೆಯ ಗುರುತೂ ಅದೇ ಮನೆ.

ಆಮೇಲೆ ಬಾಗಿಲುಗಳ ಮೇಲೆ ವಾರ್ಡಿನ ನಂಬರು ಬರೆಯಲು ಇಬ್ಬರು ಹೊರಟರು. ಬಿಲ್ ಕಲೆಕ್ಟರ್ ನಂದೀಶ್ ಗರಡಿಯ ಕಡೆಯಿಂದ ಶುರು ಮಾಡಿದ. ಅವನ ಕೈಕೆಳಗಿನ ಸೀನ ಬಾವಿಯ ಕಡೆಯಿಂದ ಬಂದ. ವೆಂಕಟರತ್ನಮ್ಮ ಬಾಗಿಲು ತೆಗೆದಿಟ್ಟು ಕುಚ್ಚು ಕಟ್ಟುತ್ತಾ ಕೂತಿದ್ದಳು. ನೀಲಿ ಬಣ್ಣದ ಡಬ್ಬಿ ಪಕ್ಕದ ಮನೆಯ ಕಲ್ಲಿನ ಮೇಲೆ ಸದ್ದು ಮಾಡಿದ್ದು ಕೇಳಿಸಿತು. ಎದ್ದು ಸೆರಗು ಸರಿಮಾಡಿಕೊಂಡಳು. "ಇಲ್ಲಿಗೆ ಮುಗೀತು" ಎನ್ನುತ್ತಾ ನಂದೀಶ್ ಹಿಂದಕ್ಕೆ ತಿರುಗಿದ. ಮಾರನೆಯ ದಿನ ಬಾವಿ ಬೀದಿಯ ಕಡೆಯಿಂದಲೂ ಡಬ್ಬಿಯ ಸದ್ದು ಹತ್ತಿರ ಬಂದು, ಗೋಡೆಯಾಚೆ ನಿಂತು, ದೂರ ಹೋಯಿತು. ಇನ್ನೊಂದು ದಿನ ಬರುತ್ತಾರೇನೋ ಎಂದುಕೊಂಡಳು.

ನಾಲ್ಕು ದಿನ ಕಳೆದ ಮೇಲೆ ಗರಡಿ ಬೀದಿಯ ದೊಡ್ಡಗಂಗಮ್ಮ ನೀರಿನ ನಲ್ಲಿಯ ಹತ್ತಿರ ಕೂಗಿ ಹೇಳಿದಳು. "ನಿನ್ನ ಗಂಡನ ಹೆಸರು ಆಫೀಸ್ ಬೋರ್ಡಿಗೆ ಹಾಕವ್ರೆ ಕಣಮ್ಮ. ಸತ್ತ ಮೇಲೂ ಊರು ಕಾಯ್ತಾವ್ನೆ ನೋಡು."

ಕೊಡ ಒಳಗಿಟ್ಟು ವೆಂಕಟರತ್ನಮ್ಮ ನೇರವಾಗಿ ಪಂಚಾಯಿತಿ ಕಚೇರಿಗೆ ಹೋದಳು. ಶಾಲೆಯಲ್ಲಿ ಮೂರನೇ ತರಗತಿಯವರೆಗಷ್ಟೇ ಓದಿದ್ದವಳು, ಗಂಡ ಅಂಗಡಿಗೆ ತರುತ್ತಿದ್ದ ಹಳೆಯ ಪೇಪರುಗಳನ್ನು ಕೂಡಿಸಿ ಕೂಡಿಸಿ ಓದು ಉಳಿಸಿಕೊಂಡಿದ್ದಳು. ಬೋರ್ಡಿಗೆ ಹಾಕಿದ್ದ ವಾರ್ಡುಗಳ ಕರಡು ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದಳು. ಕೊಂಡಪ್ಪನವರ ಮನೆ. ಅಚ್ಚಾದ ಅಕ್ಷರ. ಎರಡು ಕಡೆ. ಅಷ್ಟು ಹೊತ್ತು ಅಲ್ಲಿ ನಿಂತದ್ದನ್ನು ಕಂಡು ನಂದೀಶನೇ ಹೊರಗೆ ಬಂದ.

"ಏನಮ್ಮ, ಏನಾದ್ರೂ ತಕರಾರಾ?"

"ಇಲ್ಲ ಸಾರ್. ನಮ್ಮನೆ ಯಾವ ವಾರ್ಡಿಗೆ ಬಂತು?"

"ನಿಮ್ಮನೆ ಗಡಿ ಅಲ್ವೇನಮ್ಮ?"

"ಗಡಿ ಸರಿ. ಅದರೊಳಗೆ ಇರೋಳು ಎಲ್ಲಿಗೆ ಸೇರ್ತಾಳೆ?"

ನಂದೀಶ್ ನಗುತ್ತಾ ಒಳಗೆ ಹೋಗಿ ಪಟ್ಟಿ ತಿರುವಿದ. ಒಂಬತ್ತು ನೋಡಿದ, ಹತ್ತು ನೋಡಿದ. ನಗು ಹೋಯಿತು. "ಲೇ ಸೀನ, ಕೊಂಡಪ್ಪನ ಮನೆ ನಿನ್ ಕಡೆ ಬರ್ಕೊಂಡ್ಯಾ?"

"ಇಲ್ಲ ಸಾರ್, ಅದು ನಿಮ್ ಕಡೆ ಅಲ್ವಾ."

"ನಿನ್ ಕಡೆ ಅಂತ ನಾನು ಬಿಟ್ಟೆ ಕಣೋ."

ಸೀನ ತಲೆ ಕೆರೆದುಕೊಂಡ. "ಒಳ್ಳೇದೇ ಆಯ್ತು ಬಿಡಮ್ಮ. ಯಾರೂ ವೋಟು ಕೇಳೋಕೆ ಬಂದು ಬಾಗಿಲು ಬಡಿಯಲ್ಲ. ನೆಮ್ಮದಿಯಾಗಿ ಇರಬಹುದು."

ವೆಂಕಟರತ್ನಮ್ಮ ನಗಲಿಲ್ಲ. ಆಮೇಲೆ ನಂದೀಶ್ ವಿಷಯ ಬಿಡಿಸಿ ಹೇಳಿದ. ಕರಡು ಪಟ್ಟಿಗೆ ಆಕ್ಷೇಪಣೆ ಕೊಡಲು ಏಳು ದಿನ, ಅದರಲ್ಲಿ ಉಳಿದಿರುವುದು ಎರಡೇ. ಯಾವ ಬೀದಿಗೆ ಸೇರಬೇಕೆಂದು ಅರ್ಜಿ ಬರೆಯಬೇಕು. ಎರಡು ಕಡೆಯೂ ಬಾಗಿಲಿರುವುದರಿಂದ ಆ ಬೀದಿಯ ಇಬ್ಬರು ಹಳಬರು, ಇವರು ನಮ್ಮ ಬೀದಿಯವರು ಎಂದು ಮಹಜರಿಗೆ ಸಹಿ ಹಾಕಬೇಕು.

"ಆಗದೇ ಹೋದ್ರೆ?"

"ಈ ಸಲ ವೋಟಿಲ್ಲ ಅನ್ಕೊಳ್ಳಿ. ಮುಂದಿನ ಸಲ ನೋಡೋಣ."

"ಮುಂದಿನ ಸಲ ಅಂದ್ರೆ?"

"ಐದು ವರ್ಷ." ಅವನು ಕಣ್ಣು ತಪ್ಪಿಸಿದ. "ತಪ್ಪು ನಮ್ಮದೇ ಅಮ್ಮ. ಆದ್ರೂ ಕಾಗದ ಬೇಕಾಗತ್ತೆ."

ಇಬ್ಬರ ಸಹಿ. ಹೇಳುವುದಕ್ಕೆ ಎಷ್ಟು ಸಣ್ಣ ಮಾತು. ದಾರಿಯುದ್ದಕ್ಕೂ ವೆಂಕಟರತ್ನಮ್ಮ ಯಾರ ಮನೆಗೆ ಹೋಗಲಿ ಎಂದು ಎಣಿಸಿದಳು. ಯಾರ ಮನೆಯ ಒಳಗೂ ಕಾಲಿಟ್ಟು ವರ್ಷಗಳಾಗಿದ್ದವು. ದಿನವೂ ಓಡಾಡುವುದು ಗರಡಿ ಬೀದಿಯ ಬಾಗಿಲಲ್ಲಿ, ಆದ್ದರಿಂದ ಮೊದಲು ದೊಡ್ಡಗಂಗಮ್ಮನ ಮನೆಗೇ ಹೋದಳು. ದೊಡ್ಡಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ರಾ ಅಮ್ಮಾ, ಕೂಚೋ" ಎಂದು ತೆಲುಗಿನಲ್ಲಿ ಕರೆದು, ಕೂರಲು ಮೊರ ಸರಿಸಿ ಜಾಗ ಬಿಟ್ಟಳು. ವಿಷಯ ಕೇಳಿದ ಮೇಲೆ ಅವಳ ಬೆರಳು ನಿಂತಿತು. "ನೀನು ಬಾವಿ ಬೀದಿಯೋಳಲ್ವೇನೆ?"

"ನಾನು ಓಡಾಡೋದು ಈ ಬೀದೀಲಿ ಅಕ್ಕ."

"ಓಡಾಡೋದು ಯಾರು ಬೇಕಾದ್ರೂ ಓಡಾಡ್ತಾರೆ. ನಿನ್ನ ಗಂಡ ಕೂತಿದ್ದದ್ದು ಆ ಕಡೆ ತಾನೆ? ಗಂಗಮ್ಮನ ದೀಪಕ್ಕೆ ನೀನು ಯಾವತ್ತು ನಮ್ಮ ಜೊತೆ ಬಂದಿದ್ದೀಯ ಹೇಳು. ಅವ್ರ ಜೊತೆ ಹೋಗ್ತೀಯ ಅಂತಲೇ ನಾನು ಹೇಳೋಕೆ ಬರ್ತಿರಲಿಲ್ಲ."

ಬೈರಗುಂಟೆಯಲ್ಲಿ ವರ್ಷಕ್ಕೊಮ್ಮೆ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಗುಡಿಗೆ ಹೋಗುತ್ತಾರೆ. ಒಂದೊಂದು ಬೀದಿಯವರದು ಒಂದೊಂದು ಸಾಲು. ಹಿಂದಿನ ದಿನ ಬೀದಿಯ ಹಿರಿಯಳು ಮನೆ ಮನೆಗೆ ಹೋಗಿ "ನಾಳೆ ದೀಪ" ಎಂದು ಹೇಳಿ ಬರಬೇಕು. ಹೇಳದೆ ಯಾರೂ ಸಾಲಿಗೆ ಸೇರುವುದಿಲ್ಲ. ಕೊಂಡಪ್ಪ ಇದ್ದಾಗ ಎರಡು ಬೀದಿಯವರೂ ಅವನಿಗೇ ಹೇಳಿ ಹೋಗುತ್ತಿದ್ದರು. ಅವನು ಹೋದ ಮೇಲೆ ಈ ಬೀದಿಯ ಮಾತೂ ಆ ಬೀದಿಯ ಮಾತೂ ಪಕ್ಕದ ಮನೆಯವರೆಗೆ ಬಂದು ತಿರುಗಿಬಿಟ್ಟಿದ್ದವು.

ಒಂಬತ್ತು ವರ್ಷವೂ ತಾನು ಯಾರ ಜೊತೆಗೂ ಹೋಗಿಲ್ಲ ಎಂಬ ಮಾತು ವೆಂಕಟರತ್ನಮ್ಮನ ಬಾಯಿಗೆ ಬಂದು ಅಲ್ಲೇ ನಿಂತಿತು. ಗಂಡ ಸತ್ತವಳೆಂದು ಬಿಟ್ಟಿದ್ದಾರೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಹಾಗಿದ್ದರೂ ಒಂದು ಕಾರಣವಿತ್ತು ಅನ್ನಿಸುತ್ತಿತ್ತು. ಈಗ ನೋಡಿದರೆ ಯಾರೂ ಬೇಕೆಂದು ಬಿಟ್ಟಿರಲಿಲ್ಲ. ಮರೆತೂ ಇರಲಿಲ್ಲ. ಇನ್ನೊಬ್ಬರ ಪಾಲಿಗೆ ಇದ್ದಾಳೆಂದು ಎಲ್ಲರೂ ನೆಮ್ಮದಿಯಾಗಿದ್ದರು.

"ಸುಳ್ಳಿಗೆ ಸಹಿ ಹಾಕೋಳಲ್ಲ ನಾನು. ಏನೂ ಅಂದ್ಕೋಬೇಡ" ಎಂದು ದೊಡ್ಡಗಂಗಮ್ಮ ಒಂದು ಬೊಗಸೆ ಅವರೆಕಾಳನ್ನು ಅವಳ ಸೆರಗಿಗೆ ಹಾಕಿದಳು. ಕೆಟ್ಟವಳಲ್ಲ. ವೆಂಕಟರತ್ನಮ್ಮ ಕಾಳನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದಳು.

ಮಾರನೆಯ ದಿನ ಕೊನೆಯ ದಿನ. ಬೆಳಿಗ್ಗೆ ಎದ್ದು ದೀಪ ಹಚ್ಚಿ, ಏನು ಕೇಳಿಕೊಳ್ಳಬೇಕೆಂದು ತಿಳಿಯದೆ ಬತ್ತಿ ಸರಿಮಾಡಿದಳು. ಸುಮ್ಮನೆ ಇದ್ದುಬಿಡಬಹುದು. ಒಂದು ವೋಟಿನಿಂದ ಊರಿಗೆ ಏನೂ ಆಗುವುದಿಲ್ಲ. ಆದರೆ ಊರಿನ ಮನೆಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೆ ತನ್ನ ಮನೆ ಎಣಿಕೆಗೆ ಸಿಗಲಿಲ್ಲ ಎಂಬುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇನ್ನು ಐದು ವರ್ಷ ಕುಚ್ಚು ಕಟ್ಟುವುದು ತನ್ನಿಂದಾಗದು ಅನ್ನಿಸಿತು.

ಬಾವಿ ಬೀದಿಯಲ್ಲಿ ಅವಳ ಗೋಡೆಗೆ ಗೋಡೆ ಸೇರಿರುವುದು ಶಾಮಲಮ್ಮನ ಮನೆ. ಆ ಬೀದಿಯ ಹಿರಿಯಳೂ ಅವಳೇ. ಗೋಡೆಯಾಚೆಯ ಕುಕ್ಕರಿನ ಕೂಗು ಕೇಳಿಯೇ ವೆಂಕಟರತ್ನಮ್ಮ ಎಷ್ಟು ಹೊತ್ತಾಯಿತೆಂದು ತಿಳಿಯುತ್ತಿದ್ದಳು. ಆ ಮನೆಯ ಬಾಗಿಲಿಗೆ ಹೋಗಲು ಗರಡಿ ಬೀದಿಗೆ ಇಳಿದು, ಮೂಲೆ ಸುತ್ತಿ ಬರಬೇಕಾಯಿತು.

ಶಾಮಲಮ್ಮ ಎಲ್ಲ ಕೇಳಿ, "ನೀವು ಗರಡಿ ಬೀದಿಯೋರಲ್ವಾ?" ಎಂದಳು. "ದೀಪಕ್ಕೆಲ್ಲ ಅವ್ರ ಜೊತೇನೇ ಅಲ್ವಾ ನೀವು?"

ಈ ಸಲ ಮಾತು ಬಾಯಲ್ಲಿ ನಿಲ್ಲಲಿಲ್ಲ. "ಅವ್ರೂ ಹೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ನಾನೊಬ್ಳೇ ಹೋಗ್ತಿದ್ದೆ. ನಿಮ್ಮೆಲ್ಲರ ಸಾಲು ಮುಗಿದು, ಪೂಜಾರಿ ಊಟಕ್ಕೆ ಹೋದ ಮೇಲೆ. ಹೊಸ್ತಿಲ ಮೇಲೆ ಇಟ್ಟು ಬಂದುಬಿಡ್ತಿದ್ದೆ."

ಶಾಮಲಮ್ಮ ಒಲೆ ಆರಿಸಿ ಹೊರಗೆ ಬಂದಳು.

"ಒಂಬತ್ತು ವರ್ಷಾನೂ?"

"ಒಂಬತ್ತು ವರ್ಷಾನೂ."

"ನಾನೇ ಅಲ್ವಾ ಹೇಳ್ಬೇಕಾಗಿದ್ದೋಳು" ಎಂದಳು ಶಾಮಲಮ್ಮ. ಸಮಾಧಾನ ಹೇಳಲು ಹೋಗಲಿಲ್ಲ. ಕೈ ಒರೆಸಿಕೊಂಡು ಎದುರು ಮನೆಯ ಕಡೆ ತಿರುಗಿದಳು. "ಲೇ ಕದಿರೇಶ, ಬಾ ಇಲ್ಲಿ. ಒಂದು ಸಹಿ ಹಾಕ್ಬೇಕು."

ಎದುರು ಮನೆಯ ಕದಿರೇಶ ನಲವತ್ತರ ಆಳು, ಟೊಮೆಟೊ ಬೆಳೆಯುವವನು. ಸಹಿ ಎಂದರೆ ಹೆದರುವ ಜಾತಿ. "ನಾಳೆ ಏನಾದ್ರೂ ತಕರಾರಾದ್ರೆ ನಾನು ಕೋಲಾರದ ಕೋರ್ಟಿಗೆ ಅಲೀಬೇಕಾ ಅಕ್ಕ?"

"ಯಾರೋ ನಿನ್ನ ಕೋರ್ಟಿಗೆ ಕರೆಯೋರು? ಚಿಕ್ಕೋನಾಗಿದ್ದಾಗ ನಿನ್ನ ಸೈಕಲ್ಲಿಗೆ ಕಾಸಿಲ್ಲದೆ ಗಾಳಿ ಹೊಡೆದೋರು ಯಾರು?"

"ಕೊಂಡಪ್ಪಣ್ಣ. ಕೊಂಡಪ್ಪಣ್ಣ ನಮ್ಮೋರೇ ಬಿಡು, ಅದಕ್ಕೆ ಎರಡು ಮಾತಿಲ್ಲ." ಕದಿರೇಶ ವೆಂಕಟರತ್ನಮ್ಮನ ಕಡೆ ನೋಡಿ ತಡವರಿಸಿದ. "ಇವರನ್ನ ನಾನು ಅಷ್ಟಾಗಿ ನೋಡೇ ಇಲ್ವಲ್ಲಕ್ಕ."

ಅವನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅದಕ್ಕೇ ಅದು ನೇರವಾಗಿ ತಾಗಿತು. ಶಾಮಲಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ವೆಂಕಟರತ್ನಮ್ಮನೇ ಹೇಳಿದಳು, "ಹೌದಪ್ಪ. ನಾನೇ ಈ ಕಡೆ ಬಾಗಿಲು ತೆಗೀಲಿಲ್ಲ."

ಕದಿರೇಶ ಒಳಗೆ ಹೋದ. ಅಂಗಿ ತೊಟ್ಟುಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಗೆ ಬಂದ.

ವೆಂಕಟರತ್ನಮ್ಮ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಮೂರು ಗಂಟೆಗೆ ನಂದೀಶ್ ಸೀನನನ್ನು ಕರೆದುಕೊಂಡು ಮಹಜರು ಮಾಡಲು ಬಂದ. ಬಾವಿ ಬೀದಿಯ ಬಾಗಿಲೇ ಮುಂಬಾಗಿಲು ಎಂದು ಬರೆಯಬೇಕಾದ್ದರಿಂದ ಅದನ್ನು ತೆಗೆದು ತೋರಿಸಲು ಹೇಳಿದ. ಚಿಲಕ ತುಕ್ಕು ಹಿಡಿದಿತ್ತು. ಕದಿರೇಶ ಹೊರಗಿನಿಂದ ಭುಜ ಕೊಟ್ಟು ತಳ್ಳಿದ, ಅವಳು ಒಳಗಿನಿಂದ ಎಳೆದಳು. ಬೆಳಕು ಬಿದ್ದ ಕಡೆ ನೆಲದಲ್ಲಿ ಇನ್ನೂ ಗ್ರೀಸಿನ ಕಲೆಗಳಿದ್ದವು. ನಂದೀಶ್ ಹೊಸ್ತಿಲ ಹೊರಗೆ ನಿಂತೇ ಬರೆದುಕೊಂಡ.

"ನಿಮ್ಮ ಹೆಸರು ಪೂರ್ತಿ ಹೇಳಿ."

"ವೆಂಕಟರತ್ನಮ್ಮ."

"ಮನೆಯಲ್ಲಿ ಎಷ್ಟು ಜನ?"

"ನಾನೊಬ್ಬಳೇ."

ಅವನು ಬರೆದು, ಇನ್ನೊಂದು ಮಾತು ಹೇಳಿದ. ಮನೆ ವಾರ್ಡಿನ ಒಳಗೆ ಸೇರಿದ ಮೇಲೆ ಅದನ್ನು ಗಡಿಯ ಗುರುತಾಗಿ ಇಡುವುದಿಲ್ಲ, ಮೂಲೆಯ ಕರೆಂಟು ಕಂಬದ ನಂಬರು ಹಾಕುತ್ತಾರೆ. "ಯಜಮಾನ್ರ ಹೆಸರು ಹೋಗತ್ತೆ ಅಮ್ಮ. ಪರವಾಗಿಲ್ವಾ?"

ಅವಳು ನೆಲದ ಗ್ರೀಸಿನ ಕಲೆಗಳ ಕಡೆ ನೋಡಿದಳು. ಸಹಿ ಹಾಕಿದವರಿಬ್ಬರೂ ಕಾಯುತ್ತಿದ್ದರು. "ಅವರಿಗೆ ಅದರಿಂದ ಏನಾಗಬೇಕು ಸಾರ್. ಬರ್ಕೊಳ್ಳಿ" ಎಂದಳು.

ಸೀನ ಡಬ್ಬಿ ತೆಗೆದು ಬಾಗಿಲಿನ ಮೇಲೆ ನೀಲಿಯಲ್ಲಿ ಹತ್ತು ಎಂದು ಬರೆದ. ಬಣ್ಣ ಒಣಗುವವರೆಗೂ ಬಾಗಿಲು ಹಾಕಬೇಡಿ ಎಂದು ಹೇಳಿ ಹೋದ. ಕದಿರೇಶ ತೋಟಕ್ಕೆ ನೀರು ಬಿಡಬೇಕೆಂದು ಹೊರಟ. ಬೀದಿ ಮತ್ತೆ ಖಾಲಿಯಾಯಿತು.

ವೆಂಕಟರತ್ನಮ್ಮ ಸೀರೆಯ ಗಂಟನ್ನು ತಂದು ಆ ಬಾಗಿಲಲ್ಲಿ ಕೂತಳು. ಈ ಬೀದಿಯ ಗಾಳಿ, ಸದ್ದು ಎರಡೂ ಬೇರೆ. ಹೋಗಿ ಬರುವ ಕೆಲವರು ತೆರೆದ ಬಾಗಿಲನ್ನು ಕಂಡು ನಡಿಗೆ ನಿಧಾನ ಮಾಡಿದರು. ಅವಳು ತಲೆಯೆತ್ತಿದಾಗ ಮುಂದೆ ಹೋದರು. ಯಾರೂ ಮಾತಾಡಿಸಲಿಲ್ಲ. ಎರಡು ಸೆರಗಿನ ಕುಚ್ಚು ಮುಗಿಯಿತು. ಬಣ್ಣ ಯಾವಾಗಲೋ ಒಣಗಿತ್ತು.

ಸಂಜೆ ಶಾಮಲಮ್ಮ ಪಾತ್ರೆ ಹಿಡಿದು ಹೊರಬಂದಳು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿದಳು.

"ಡೈರಿಗೆ ಹೋಗ್ತಿದ್ದೀನಿ. ನಿಮಗೂ ಹಾಲು ತರ್ಲಾ?"

ಮನೆಯಲ್ಲಿ ಹಾಲಿತ್ತು.

"ತನ್ನಿ" ಎಂದು ವೆಂಕಟರತ್ನಮ್ಮ ಪಾತ್ರೆ ತರಲು ಒಳಗೆ ಎದ್ದುಹೋದಳು.