ತಂಗಿಯ ಉತ್ತರ ತಂದ ಜಪಾನಿ ಆ್ಯಪು

ನನ್ನ ತಂಗಿಗೆ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಉಡುಪಿ ಕಡೆಯ ನಮ್ಮೂರಿನಲ್ಲಿ ಅವಳಿಗೆ ತಕ್ಕ ಶಾಲೆ ಇರಲಿಲ್ಲವಾದ್ದರಿಂದ ಓದುಬರಹವೂ ಹೆಸರು ಬರೆಯುವಷ್ಟಕ್ಕೇ ನಿಂತಿತ್ತು. ನಾವಿಬ್ಬರೂ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಒಂದು ಕೈಭಾಷೆಯಿತ್ತು. ಅದು ಅಮ್ಮನಿಗೂ ಅರ್ಧಂಬರ್ಧ. ಕೆಲಸ ಸಿಕ್ಕಿ ದುಬೈಗೆ ಹೊರಟಾಗ, ದಿನಾ ವಿಡಿಯೊ ಕಾಲ್ ಮಾಡಿದರಾಯಿತು ಎಂದುಕೊಂಡಿದ್ದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿ ಇಂಟರ್‌ನೆಟ್ ಕಾಲ್‌ಗೆ ಬೀಗ. ಮೂರು ತಿಂಗಳು ಅಮ್ಮನಿಗೆ ಫೋನ್ ಮಾಡಿ, "ಅವಳು ಚೆನ್ನಾಗಿದ್ದಾಳಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ಒಂದು ಬುಧವಾರ ಅಮ್ಮ ಖುಷಿಯಲ್ಲಿ ಹೇಳಿದರು: "ಹುಡುಗನ ಕಡೆಯವರು ಬಂದು ನೋಡಿ ಹೋದ್ರು. ಇವಳಿಗೂ ಒಪ್ಪಿಗೆ ಉಂಟು. ಕೇಳಿದ್ದಕ್ಕೆಲ್ಲ ತಲೆ ಆಡಿಸಿದ್ಳು. ಆದಿತ್ಯವಾರ ಮಾತು ಕೊಡುದು."

ಅರ್ಥವಾಗದಿದ್ದಾಗಲೂ ನನ್ನ ತಂಗಿ ತಲೆ ಆಡಿಸುತ್ತಾಳೆ, ಎದುರಿನವರಿಗೆ ಮುಜುಗರವಾಗದಿರಲೆಂದು.

"ಅವಳನ್ನು ಸರಿಯಾಗಿ ಕೇಳದೆ ಮಾತು ಕೊಡ್ಬೇಡಿ ಅಮ್ಮ."

"ಮತ್ತೆ ಯಾರು ಕೇಳುದು? ನೀನು ಅಲ್ಲಿ ಕೂತಿದ್ದಿ!"

ಸಿಟ್ಟು ನೆತ್ತಿಗೇರಿತು. ಏನೇ ಆಗಲಿ, ಭಾನುವಾರದೊಳಗೆ ನಾನೇ ಕೇಳುತ್ತೇನೆ ಎಂದು ಹಟ ತೊಟ್ಟೆ.

ದುಬೈ ಬಂದರಿನ ಕಡೆ, ಜೆಬೆಲ್ ಅಲಿಯಲ್ಲಿದ್ದ ನಮ್ಮ ಆಫೀಸು ಜಪಾನಿ ಕಂಪನಿಯದು. ಎದುರು ಮೇಜಿನ ಹುಡುಗಿ ಜಪಾನಿನಿಂದ ಬಂದವಳು. ಊರಿಂದ ತಂದ ಮಡಚುವ ಫೋನೊಂದನ್ನು ಅವಳು ಇನ್ನೂ ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದಳು. ರೈಲಿನ ವೇಳೆ, ಮಳೆ ಬರುತ್ತದೋ ಇಲ್ಲವೋ, ಭೂಕಂಪದ ಎಚ್ಚರಿಕೆ, ಎಲ್ಲವೂ ಎಷ್ಟೋ ವರ್ಷಗಳ ಹಿಂದೆಯೇ ಅದರಲ್ಲಿ ಬರುತ್ತಿದ್ದವಂತೆ. ಆದರೆ ರೈಲಿನಲ್ಲಿ ಅದನ್ನು ಕಿವಿಗಿಟ್ಟು ಮಾತಾಡುವುದು ಮಾತ್ರ ಮರ್ಯಾದೆಯಲ್ಲವಂತೆ. ನಮ್ಮಲ್ಲಿ ಫೋನ್ ಎತ್ತಿದರೆ ಪಕ್ಕದ ಮನೆಗೂ ಸುದ್ದಿ ಮುಟ್ಟಬೇಕು!

ನನ್ನ ಗೋಳು ಕೇಳಿ ಅವಳು ತನ್ನ ದೇಶದ ಮೆಸೇಜ್ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಅದರ ತುಂಬ ಮಾತಿನ ಬದಲು ಕಳಿಸುವ ಬೊಂಬೆ ಚಿತ್ರಗಳು. ಒಂದು ಕರಡಿ ಬಗ್ಗಿ ನಮಸ್ಕರಿಸುತ್ತಿತ್ತು, ಮುನಿಸಿಕೊಳ್ಳುತ್ತಿತ್ತು, ಬೆವರುತ್ತಿತ್ತು. ಅಕ್ಷರ ಬಾರದವರಿಗೆಂದೇ ಮಾಡಿದಂತಿದೆ ಅನಿಸಿ ನನಗೆ ಖುಷಿಯಾಯಿತು.

"ಕಾಲ್ ಇದರಲ್ಲೂ ಹೋಗುವುದಿಲ್ಲ. ವಿಡಿಯೊ ತೆಗೆದು ಕಳಿಸು, ಅದು ಹೋಗುತ್ತದೆ," ಎಂದಳು. ಇಷ್ಟು ಸುಲಭದ್ದು ಮೂರು ತಿಂಗಳಲ್ಲಿ ನನ್ನ ತಲೆಗೆ ಹೊಳೆದಿರಲಿಲ್ಲ.

ಊರಿನಲ್ಲಿ ಪಕ್ಕದ ಮನೆಯ ಹುಡುಗಿ ಅಮ್ಮನ ಫೋನಿಗೂ ಅದನ್ನು ಹಾಕಿಕೊಟ್ಟಳು. ಗುರುವಾರ ಸಂಜೆ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನನ್ನ ರೂಮಿನಲ್ಲಿ ಕೂತು ತಂಗಿಗೆ ವಿಡಿಯೊದಲ್ಲಿ ಪ್ರಶ್ನೆ ಕಳಿಸಿದೆ. ಉತ್ತರವಾಗಿ ತಲೆ ಕೆರೆದುಕೊಳ್ಳುವ ಕರಡಿ ಬಂತು. ಮತ್ತೆ ಕಳಿಸಿದೆ, ಮತ್ತೆ ಅದೇ ಕರಡಿ. ನನ್ನ ಭಾಷೆಯನ್ನೇ ಮರೆತಳೇ ಎಂದು ದುಃಖ ಬಂತು. ಕೊನೆಗೆ ನಾನು ಕಳಿಸಿದ್ದನ್ನು ನಾನೇ ನೋಡಿದೆ. ಬಲಗೈಯಲ್ಲಿ ಫೋನ್ ಹಿಡಿದು, ಎಡಗೈ ಒಂದರಲ್ಲೇ ಮಾತಾಡಿದ್ದೆ! ಅರ್ಧ ಮಾತು ಫೋನಿನ ಹಿಂದೆಯೇ ಉಳಿದಿತ್ತು. ಫೋನನ್ನು ಚಹಾಪುಡಿ ಡಬ್ಬಿಗೆ ಒರಗಿಸಿ ಎರಡೂ ಕೈಯಲ್ಲಿ ಕೇಳಿದೆ: ಆ ಹುಡುಗ ಬೇಕಾ? ನಿಜ ಹೇಳು.

ಶುಕ್ರವಾರ ಬೆಳಿಗ್ಗೆ ಅವಳ ವಿಡಿಯೊ ಬಂತು. ಬೇಡ, ಬೇಡ, ಬೇಡ ಎಂದು ಮೂರು ಸಲ ಕೈ ಬೀಸಿದಳು. ಅವನು ಅಮ್ಮನ ಹತ್ತಿರವೇ ಮಾತಾಡಿದ, ನನ್ನ ಮುಖ ನೋಡಲೇ ಇಲ್ಲ ಎಂದಳು. ಆಮೇಲೆ ಕೈ ಸ್ವಲ್ಪ ನಿಧಾನವಾಯಿತು. ನೀನು ಹೋದ ಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ಅಳು ತಡೆಯಲಾಗಲಿಲ್ಲ. ಮುಖ ತೊಳೆದುಕೊಂಡು ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಮೊಬೈಲಿನಲ್ಲಿ ಆ ವಿಡಿಯೊ ಹಾಕಿಕೊಳ್ಳಲು ಅಮ್ಮನಿಗೆ ಹೇಳಿ, ಒಂದೊಂದು ಸನ್ನೆಯ ಅರ್ಥ ಬಿಡಿಸಿ ಹೇಳುತ್ತಾ ಹೋದೆ. ಕೊನೆಯ ಮಾತನ್ನೂ ಬಿಡಲಿಲ್ಲ.



"ಇನ್ನೊಮ್ಮೆ ಹೇಳು," ಎಂದರು ಅಮ್ಮ. ಮೊದಲಿನಿಂದ ಹೇಳಿದೆ.

"ಆಯ್ತು, ನೀನು ಫೋನ್ ಇಡು," ಎಂದರು. "ಅವರಿಗೆ ಬೇಡ ಅಂತ ನಾನೇ ಹೇಳ್ತೇನೆ. ಮೊದ್ಲು ಇವಳ ಹತ್ರ ಹೋಗಿ ಕೂತ್ಕೊಳ್ಳಿಕ್ಕುಂಟು."