ಪ್ಲಾಸ್ಟಿಕ್ ಭಾವನ ಮದುವೆ ಸರ್ಟಿಫಿಕೇಟು

ಟಕ್, ಟಕ್. ಪರದೇಶದ ವಲಸೆ ಕಚೇರಿಯಲ್ಲಿ ಗಾಜಿನ ಕಿಂಡಿಯಾಚೆ ಕೂತಿದ್ದ ಅಧಿಕಾರಿ ಹೆಂಗಸು ಮದುವೆ ಸರ್ಟಿಫಿಕೇಟಿನ ಮೇಲೆ ಉಗುರಿನಿಂದ ಎರಡು ಸಲ ಬಡಿದಳು. ಬರೀ ಕಾಗದ ಅಂಥ ಸದ್ದು ಮಾಡುವುದಿಲ್ಲ. ಅದು ಯಾವುದರ ಸದ್ದೆಂದು ಕಿಂಡಿಯೀಚೆ ನಿಂತಿದ್ದ ಬೈಂಡರನಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕಕ್ಕೆ ರಟ್ಟು ಕಟ್ಟಿ, ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸುವ ಅಂಗಡಿಯಲ್ಲಿ ಅವನು ದಿನವಿಡೀ ಕೇಳುವ ಸದ್ದು ಅದೇ.

"ಇದಕ್ಕೆ ಲ್ಯಾಮಿನೇಷನ್ ಮಾಡಿದ್ದು ಯಾರು?"

"ನಾನೇ ಮೇಡಂ," ಎಂದ, ಸ್ವಲ್ಪ ಹೆಮ್ಮೆಯಿಂದಲೇ. ನಾಲ್ಕು ಅಂಚೂ ಒಂದೇ ಅಳತೆ, ಒಳಗೆ ಸಾಸಿವೆಯಷ್ಟೂ ಗಾಳಿಗುಳ್ಳೆಯಿಲ್ಲ.

"ಮುದ್ರೆಯ ಉಬ್ಬು ಕೈಗೆ ಸಿಗಬೇಕು. ಹೀಗಿದ್ರೆ ಇದನ್ನ ಮೂಲಪ್ರತಿ ಅಂತ ಒಪ್ಪೋಕಾಗಲ್ಲ. ಗುರುವಾರದೊಳಗೆ ಸರಿಯಾದ್ದು ತನ್ನಿ."

ಅಂದು ಸೋಮವಾರ. ಬೈಂಡರನ ಹೆಂಡತಿ, ಮಗಳ ವಾಸದ ಪರವಾನಗಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ನವೀಕರಣವಾಗದಿದ್ದರೆ ಅವರಿಬ್ಬರೂ ದೇಶ ಬಿಟ್ಟು ಹೋಗಿ, ಮತ್ತೆ ಮೊದಲಿನಿಂದ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಊರಿನಿಂದ ಹೊಸ ಪ್ರತಿ ತರಿಸಲು ವ್ಯವಧಾನವೇ ಇರಲಿಲ್ಲ.

ಪಕ್ಕದ ಬೆಂಚಿನಲ್ಲಿ ಟೋಕನ್ ಹಿಡಿದು ಕೂತಿದ್ದ ಅವನದೇ ಭಾಷೆಯ ಡ್ರೈವರನೊಬ್ಬ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಪುಣ್ಯಾತ್ಮ, ಕತ್ತು ಚಾಚಿ ನೋಡಿದ. "ಅಷ್ಟೇನಾ ಅಣ್ಣ? ಕಿತ್ತು ಬಿಸಾಕಿ ಅದನ್ನ!"

ಕೀಳುವುದು ಅಷ್ಟು ಸುಲಭವಲ್ಲವೆಂಬುದು ಹೊದಿಸುವವನಿಗಲ್ಲದೆ ಇನ್ಯಾರಿಗೆ ಗೊತ್ತು?

ಅವನ ನಾದಿನಿ ಅವನಿಗಿಟ್ಟ ಹೆಸರು ಪ್ಲಾಸ್ಟಿಕ್ ಭಾವ. ಹೆಸರು ಸುಮ್ಮನೆ ಬಂದದ್ದಲ್ಲ. ಮದುವೆಯ ಕರೆಯೋಲೆ, ಅಮ್ಮ ಬರೆದ ಕೊನೆಯ ಪತ್ರ, ಮಗಳು ಮೊದಲ ಸಲ ಗೀಚಿದ ಬೆಕ್ಕು, ಕಡೆಗೆ ಮನೆಯ ಹಾಲಿನ ಲೆಕ್ಕದ ಚೀಟಿಯನ್ನೂ ಅವನು ಪ್ಲಾಸ್ಟಿಕ್ ಹೊದಿಸದೆ ಬಿಟ್ಟಿರಲಿಲ್ಲ. ಅವನ ಪ್ರೀತಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಏಳು ವರ್ಷ ಪರದೇಶದಲ್ಲಿ ಒಂದೇ ಕೋಣೆಯಲ್ಲಿ ನಾಲ್ವರ ಜೊತೆ ಕಳೆದು, ಎರಡು ವರ್ಷದ ಹಿಂದೆ ಹೆಂಡತಿ, ಮಗಳನ್ನು ಕರೆಸಿಕೊಂಡಿದ್ದ. ಅವರು ಬಂದಿಳಿದ ವಾರವೇ, ಇನ್ನು ಯಾವುದೂ ಕೈಜಾರಬಾರದೆಂಬಂತೆ, ಆ ಸರ್ಟಿಫಿಕೇಟನ್ನು ಅಂಗಡಿಗೆ ಒಯ್ದು ಬಿಸಿ ರೋಲರಿನ ಬಾಯಿಗೆ ಕೊಟ್ಟಿದ್ದ.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದ. ಊಟದ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಸಣ್ಣಗೆ ಕಾಯಲಿಟ್ಟ.

"ಮೊದ್ಲು ಬೇರೆ ಯಾವ್ದಾದ್ರೂ ಕಿತ್ತು ನೋಡ್ರೀ," ಎಂದಳು ಹೆಂಡತಿ. "ಮನೆಯಲ್ಲಿ ಇಂಥದ್ದಕ್ಕೆ ಬರವೇನು?"

ಅವನು ತನ್ನ ಶಾಲೆಯ ಮಾರ್ಕ್ಸ್‌ಕಾರ್ಡ್ ತೆಗೆದುಕೊಂಡ. ಕಂದು ಕಾಗದ ಮುಚ್ಚಿ ಬಿಸಿ ಕೊಟ್ಟು, ಮೂಲೆ ಹಿಡಿದು ಮೇಲಕ್ಕೆ ಎಳೆದ. ಚರ್‍ರೆಂದು ಸದ್ದಾಯಿತು. ಗಣಿತದ ಮೂವತ್ತೈದು ಅಂಕ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದು ಬಂದವು.

"ಹೋಗ್ಲಿ ಬಿಡಿ. ಅದನ್ನ ಇಷ್ಟು ವರ್ಷ ಕಾಪಾಡಿದ್ದೇ ಹೆಚ್ಚು," ಎಂದಳು. ನಕ್ಕಳಾದರೂ ಅವಳ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದವು.

"ಎಳೆದದ್ದು ತಪ್ಪಾಯ್ತು ಕಣೇ. ಮಡಚಬೇಕಿತ್ತು."

ಕಾಗದವನ್ನು ಮೇಜಿಗೆ ಒತ್ತಿ ಹಿಡಿದು, ಪ್ಲಾಸ್ಟಿಕ್ಕನ್ನು ಮಾತ್ರ ಹಿಂದಕ್ಕೆ ಮಡಚುತ್ತ, ಬೆರಳಗಲ ಬೆರಳಗಲವಾಗಿ ಬಿಡಿಸಬೇಕು. ಹಾಳಾದ ಮಾರ್ಕ್ಸ್‌ಕಾರ್ಡಿನ ಉಳಿದರ್ಧದಲ್ಲಿ ಅದನ್ನು ಕಲಿತ. ಆಮೇಲೆ ಸರ್ಟಿಫಿಕೇಟನ್ನು ಬೆನ್ನು ಮೇಲಾಗಿ ಮಲಗಿಸಿದ. ಹೆಂಡತಿ ಇಸ್ತ್ರಿ ಆಡಿಸಿದಳು, ಅವನು ಬಿಡಿಸಿದ. ಬೆನ್ನಿನ ಪದರ ಬಂತು. ಮಗ್ಗುಲು ಬದಲಿಸಿದರು. ಅವನ ಹೆಸರು ಹರಿಯದೆ ಬಂತು, ಅವಳ ಹೆಸರೂ ಹರಿಯದೆ ಬಂತು. ಗಡಿಯಾರದ ಮುಳ್ಳು ಒಂದು ಸುತ್ತು ಮುಗಿಸಿತ್ತು.

ಉಳಿದದ್ದು ಮುದ್ರೆಯ ಮೂಲೆ. ರೋಲರು ಅಂದೇ ಅದನ್ನು ಅಪ್ಪಚ್ಚಿ ಮಾಡಿದ್ದರೆ?

"ನೀನೇ ಮುಟ್ಟಿ ನೋಡು," ಎಂದ, ಕೊನೆಯ ಚೂರು ಬಿಡಿಸಿ. "ನನ್ನ ಕೈಗೆ ಗೋಂದು ಹತ್ತಿ ಹತ್ತಿ ಸ್ಪರ್ಶ ಮಂದವಾಗಿದೆ."

ಅವಳು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದಳು. ಇನ್ನೊಂದು ಸಲ ಆಡಿಸಿದಳು.

"ಇದೇರೀ. ಸಣ್ಣಗಿದೆ. ಆದ್ರೆ ಇದೆ."

ಗುರುವಾರ ಬೆಳಿಗ್ಗೆ ಟೋಕನ್ ಇದ್ದವರನ್ನಷ್ಟೇ ಒಳಗೆ ಬಿಟ್ಟರು. ಹೆಂಡತಿ, ಮಗಳು ಗಾಜಿನ ಬಾಗಿಲಿನಾಚೆ ನಿಂತರು. ಅದೇ ಕಿಂಡಿ, ಅದೇ ಅಧಿಕಾರಿ. ಅವಳು ಕಾಗದವನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ಮುದ್ರೆ ಸವರಿದಳು. ಬೈಂಡರ್ ಅವಳ ಮುಖ ನೋಡಲಾರದೆ ಆ ಬೆರಳನ್ನೇ ನೋಡುತ್ತ ನಿಂತ. ಬೆರಳು ಒಂದು ಕಡೆ ತಡೆದು ನಿಂತಿತು.

"ಹರೀದೆ ಹೇಗೆ ತೆಗೆದ್ರಿ?"

"ಹೊದಿಸಿದ್ದಕ್ಕಿಂತ ನಿಧಾನವಾಗಿ, ಮೇಡಂ."

ಅವಳ ತುಟಿಯಂಚು ಕೊಂಚ ಬಿರಿಯಿತು. ಯಂತ್ರ ಗೊರಗುಟ್ಟಿ, ಇನ್ನೂ ಬೆಚ್ಚಗಿದ್ದ ಎರಡು ಹಾಳೆ ಹೊರಬಂದವು. ಒಂದರಲ್ಲಿ ಹೆಂಡತಿಯ ಮುಖ, ಒಂದರಲ್ಲಿ ಮಗಳದು. ಎರಡು ವರ್ಷದ ಪರವಾನಗಿ. ಹೋದ ಜೀವ ಬಂದಂತಾಗಿ ಅವನು ಕಿಂಡಿಯ ಕಟ್ಟೆಗೆ ಒಂದು ಗಳಿಗೆ ಒರಗಿ ನಿಂತ.

"ಆಯ್ತಾ ಅಣ್ಣ?" ಬೆಂಚಿನಿಂದ ಡ್ರೈವರ್ ಎದ್ದು ಬಂದ. ಇವತ್ತೂ ಅವನ ಕೆಲಸ ಆದಂತಿರಲಿಲ್ಲ. "ನಾ ಹೇಳ್ಲಿಲ್ವಾ, ಕಿತ್ರೆ ಆಯ್ತು ಅಂತ! ಎಲ್ಲಿ, ತೋರ್ಸಿ. ಅಯ್ಯೋ, ಎಷ್ಟು ತೆಳು ಕಾಗದ! ಎರಡು ವರ್ಷ ಬಾಳಬೇಕಲ್ಲ ಇದು? ಒಂದು ಮಾತು ಕೇಳಿ ಅಣ್ಣ, ಇಲ್ಲೇ ಮೂಲೆಯಲ್ಲಿ ಒಂದು ಅಂಗಡಿ ಇದೆ, ಈಗ್ಲೇ ಹೋಗಿ ಒಂದು ಲ್ಯಾಮಿ…"

ಬೈಂಡರ್ ಆಗಲೇ ನಡೆದುಬಿಟ್ಟಿದ್ದ. ಹಾಳೆಗಳನ್ನು ಎದೆಗೊತ್ತಿ ಹಿಡಿದು, ಎರಡು ವರ್ಷವೆಂದು ಇನ್ನೊಂದು ಕೈಯ ಎರಡು ಬೆರಳು ಮೇಲೆತ್ತಿ, ಗಾಜಿನ ಬಾಗಿಲಿನ ಕಡೆಗೆ.